ಹೊಲಿಗೆ ಬಿಚ್ಚಿದ ನೋಟ್‌ಬುಕ್ಕು

ಹದಿನಾಲ್ಕನೇ ತಾರೀಕು, ಗುರುವಾರ
ಬೈಂಡಿಂಗ್ ಅಂಗಡಿ, ಊಟದ ಬಿಡುವು

ನನ್ನ ಸಿಡುಕಿ ಮಗಳಿಗೆ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ತಡವಾಯಿತು, ಬೈದುಕೋ. ಮೂರು ಸಲ ಬರೆದು ಮೂರು ಸಲವೂ ಹರಿದುಹಾಕಿದೆ. ಇಲ್ಲಿ ಎಲ್ಲ ಸುಖವಾಗಿದೆ ಎಂದು ಶುರು ಮಾಡಿದರೆ ಸುಳ್ಳಾಗುತ್ತದೆ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ನನ್ನ ಅಡುಗೆಗೆ ಮೂಗು ಮುರಿಯುವವಳು ದೊಡ್ಡಮ್ಮನ ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಳ್ಳುತ್ತೀಯಂತೆ, ಅಕ್ಕ ಹೇಳಿದಳು. ಇರಲಿ, ಬಾ, ನೋಡಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಕೈತುಂಬ ಕೆಲಸ. ಹೊಸದಾಗಿ ಸೇರಿದ ಹೆಂಗಸು ಮೊನ್ನೆ ಹೊಲಿಯಲು ಬಂದ ಯಾರದೋ ಡೈರಿಯನ್ನು ಓದುತ್ತ ಕೂತು ಯಜಮಾನರ ಕಣ್ಣಿಗೆ ಬಿದ್ದಳು. ಹೊಲಿಯಲು ಬಂದ ಹಾಳೆಯನ್ನು ಓದಕೂಡದು ಎಂಬ ನಮ್ಮ ನಿಯಮ ನಿನಗೂ ಬಾಯಿಪಾಠವಲ್ಲವೇ? ಅವರು ಅವಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ನಾನು ಪಕ್ಕದ ಮೇಜಿನಲ್ಲಿ ತಲೆ ಎತ್ತದೆ ದಾರ ಪೋಣಿಸುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನನ್ನು ಕ್ಲಾಸಿಗೆ ಬರಬೇಡ ಎಂದ ಶಾಲೆಗೆ ಮಂಗಳವಾರ ಹೋಗಿದ್ದೆ. ಹೆಡ್ ಮೇಡಂ ಮೇಜಿನ ಮೇಲೆ ನಿನ್ನ ನೋಟ್‌ಬುಕ್ಕು ಇತ್ತು, ನಾನೇ ಹೊಲಿದುಕೊಟ್ಟ ನೀಲಿ ರಟ್ಟಿನದು. ನಿನ್ನ ಕ್ಲಾಸಿನ ಆ ಮೂವರು ಹುಡುಗಿಯರಿಗೆ ಏನೇನು ಮಾಡಬೇಕು ಎಂದು ನೀನು ಬರೆದ ಪುಟಗಳಿಗೆಲ್ಲ ಚೀಟಿ ಅಂಟಿಸಿದ್ದರು. ಪಕ್ಕದಲ್ಲಿ ಟೈಪ್ ಮಾಡಿದ ಒಂದು ಹಾಳೆ: ನನ್ನ ಮಗಳಿಂದ ಉಳಿದ ಮಕ್ಕಳಿಗೆ ಅಪಾಯವಿದೆ ಎಂದು ಒಪ್ಪಿ ನಾನಾಗಿಯೇ ಅವಳನ್ನು ಶಾಲೆ ಬಿಡಿಸುತ್ತಿದ್ದೇನೆ ಅಂತ. ಕೆಳಗೆ ಸಹಿಗೆ ಜಾಗ. ಪೆನ್ನನ್ನೂ ಅವರೇ ಮುಂದೆ ಹಿಡಿದರು.

ನಾನು ಪೆನ್ನು ಮುಟ್ಟಲಿಲ್ಲ. ಚೀಲದಿಂದ ನಿನ್ನ ಜಡೆ ತೆಗೆದು ನೋಟ್‌ಬುಕ್ಕಿನ ಪಕ್ಕ ಇಟ್ಟೆ.

ಹೌದು ಕಣೇ, ಸಿಕ್ಕಿತು. ನೀನು ಹೋದ ಮೇಲೆ ಗುಡಿಸುವಾಗ, ಮಂಚದ ಕೆಳಗಿನ ಶೂ ಡಬ್ಬಿಯಲ್ಲಿ. ಕೂದಲು ಗಿಡ್ಡ ಮಾಡಿಕೊಂಡು ಬಂದ ದಿನ ಫ್ಯಾಷನ್ ಅಂದೆ, ನಾನೂ ನಂಬಿ ಒಂದು ವಾರ ಆಡಿಕೊಂಡು ನಕ್ಕೆ. ಜಡೆಯ ಮೇಲಿದ್ದ ಅಂಟು ನಮ್ಮ ಅಂಗಡಿಯದಲ್ಲ. ನಮ್ಮದು ಒಣಗಿದರೆ ಪುಡಿಯಾಗುತ್ತದೆ. ಇದು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ, ನಿಮ್ಮ ಕ್ರಾಫ್ಟ್ ರೂಮಿನದು. ಇಪ್ಪತ್ತು ವರ್ಷ ಅಂಟಿನಲ್ಲಿ ಕೈ ಅದ್ದಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ನನ್ನ ಕೆಲಸ ಹಿಡಿದು ಆ ಮೂವರು ನಿನ್ನನ್ನು 'ಗೋಂದಮ್ಮ' ಎಂದು ಕರೆಯುತ್ತಿದ್ದದ್ದೂ ಶಾಲೆಯಲ್ಲೇ ತಿಳಿಯಿತು.

"ಈ ಪುಸ್ತಕದಲ್ಲಿರೋದು ನಡೆದಿಲ್ಲ ಮೇಡಂ, ಇದು ನಡೆದಿದೆ," ಅಂದೆ. "ಮೊದಲು ಇದಕ್ಕೊಂದು ಹಾಳೆ ಟೈಪ್ ಮಾಡಿಸಿ."

ಅವರು ಶಿಸ್ತು, ಶಾಲೆಯ ಹೆಸರು ಎಂದೆಲ್ಲ ಹೇಳಿ ನೋಡಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಆ ಮೂವರ ಮನೆಯವರನ್ನು ಕರೆಸಲು ಒಪ್ಪಿದರು. ಸೋಮವಾರದಿಂದ ನೀನು ಕ್ಲಾಸಿಗೆ ಹೋಗುತ್ತೀಯ. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಹತ್ತಿರ ಕೂತು ಮಾತಾಡಬೇಕು. ಅದು ಶಿಕ್ಷೆಯಲ್ಲ, ನಾನೇ ಕೇಳಿ ಪಡೆದದ್ದು.

ನೀನು ಬರೆದದ್ದು ಸರಿ ಎಂದು ಹೇಳುತ್ತಿಲ್ಲ. ಆದರೆ ನಿನಗೆ ಸಿಟ್ಟು ಬಂದದ್ದಕ್ಕೆ ನಾನು ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ. ತಲೆಗೆ ಅಂಟು ಸುರಿಸಿಕೊಂಡವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಕೆಟ್ಟ ಯೋಚನೆ ಬಂದ ಮಾತ್ರಕ್ಕೆ ಹುಡುಗಿ ಕೆಟ್ಟವಳಲ್ಲ, ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗುವುದೇ ಅಪಾಯ ಎಂದು ಸಮಾಲೋಚಕಿ ಹೇಳಿದರು. ಹಾಗಾಗಿ ಅಂಥ ಯೋಚನೆ ಬಂದಾಗ ಮೊದಲು ಆ ಜಾಗ ಬಿಟ್ಟು ನಡೆ. ಸೀದಾ ಅಂಗಡಿಗೆ ಬಾ. ರದ್ದಿ ಹಾಳೆ ರಾಶಿ ಬಿದ್ದಿದೆ, ಸಾಕಾಗುವಷ್ಟು ಹರಿ. ಆಮೇಲೆ ಬಾಯಿಬಿಟ್ಟು ಹೇಳು, ಎಷ್ಟೇ ಕೆಟ್ಟದಾಗಿರಲಿ. ನಾನು ಹೌಹಾರಬಹುದು, ಎದ್ದು ಮಾತ್ರ ಹೋಗುವುದಿಲ್ಲ.

ನೂರು ಕಾಲ ಬಾಳು ಮಗಳೇ, ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳು.

ನಿನ್ನ ಅಮ್ಮ

ತಾ.ಕ.: ನಿನ್ನ ಕಾಗದದ ಕೊನೆಯ ಸಾಲಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನೋಟ್‌ಬುಕ್ಕನ್ನು ಚೀಲದಿಂದ ಕದ್ದು ಟೀಚರಿಗೆ ಕೊಟ್ಟವಳು ನಿನ್ನ ಪಕ್ಕ ಕೂರುವವಳೇ, ಬಂದ ದಿನವೇ ಅವಳನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಮೂರು ಸಲ ಕಾಗದ ಹರಿದದ್ದು ಆ ಸಾಲಿಗಾಗಿಯೇ. ಅವಳು ಕದ್ದಿಲ್ಲ. ಹೊಲಿಗೆ ಬಿಚ್ಚಿದೆ ಎಂದು ನೀನು ನನ್ನ ಕೈಗೆ ಕೊಟ್ಟೆ, ಅಮ್ಮ ಓದುವುದಿಲ್ಲ ಎಂಬ ಧೈರ್ಯದಿಂದ. ನಾನು ಓದಿದೆ. ನಾಲ್ಕು ಪುಟ ಓದಿ ಹೆದರಿಬಿಟ್ಟೆ. ಹೊಲಿದು ನಿನ್ನ ಚೀಲದಲ್ಲಿ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ, ನಾನೇ ನಿನ್ನ ಟೀಚರ್ ಕೈಗೆ ಕೊಟ್ಟು ಬಂದೆ. ಬುದ್ಧಿ ಹೇಳುತ್ತಾರೆ ಎಂದುಕೊಂಡೆ. ಜಡೆಗೆ ಏನಾಯಿತು ಎಂಬುದು ಐದನೆಯ ಪುಟದಲ್ಲಿತ್ತು. ಮೇಡಂ ಅದಕ್ಕೆ ಚೀಟಿ ಅಂಟಿಸಿರಲಿಲ್ಲ. ನಾನು ಅದನ್ನು ಓದಿದ್ದು ಮೊನ್ನೆ ಮಂಗಳವಾರ, ಅವರ ಎದುರಿಗೆ.

ಆ ಹುಡುಗಿಯನ್ನು ಮುಟ್ಟಬೇಡ. ಆ ಸಿಟ್ಟು ನನಗೆ ಸೇರಬೇಕಾದದ್ದು. ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಇಳಿದವಳೇ ಜನ ನೋಡಿದರೂ ಪರವಾಗಿಲ್ಲ, ನನ್ನ ಮೇಲೆ ಕೂಗು.