ಧರ್ಮವಾರ್ಡಿನ ಮಂಚ

ಸೊಲ್‌ಪೊ ಪ್ರಾಂತೀಯ ಆಸ್ಪತ್ರೆ
೧೯೩೪, ಮಾರ್ಚ್ ೬, ಸಂಜೆ

ಪ್ರೀತಿಯ ಅಪ್ಪನಿಗೆ,

ಗಡಿಯಾರ ಏಳು ಹೊಡೆಯುತ್ತಿದ್ದಾಗ ಕಬ್ಬಿಣದ ಚಕ್ರಗಳ ಕಿರ್ರೆನ್ನುವ ಸದ್ದಿಗೆ ಎಚ್ಚರವಾಯಿತು. ಮೂರು ರಾತ್ರಿ ನಿದ್ದೆಗೆಟ್ಟವಳು ಮೊಗಸಾಲೆಯ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿದ್ದೆ. ಧರ್ಮವಾರ್ಡಿನ ಖಾಲಿ ಮಂಚವೊಂದನ್ನು ಆಳುಗಳಿಬ್ಬರು ತಳ್ಳಿಕೊಂಡು ಹೋಗುತ್ತಿದ್ದರು. ಇನ್ನು ಮೇಲೆ ಅದು ಹಣ ಕೊಡುವವರ ಕೋಣೆಗಂತೆ.

ನಿಮ್ಮ ಆರೋಗ್ಯ ಹೇಗಿದೆ? ಪ್ರಾಂತ್ಯಸಭೆ ನಡೆಯುವ ದಿನಗಳಲ್ಲಿ ವಸತಿಗೃಹದ ತಣ್ಣನೆ ಅನ್ನ ತಿಂದು ನಿಮ್ಮ ಹೊಟ್ಟೆ ಕೆಡುವುದು ನನಗೆ ಗೊತ್ತು. ಅಮ್ಮ ಕೊಟ್ಟ ಶುಂಠಿ ಕಷಾಯ ಕುಡಿಯುತ್ತಿದ್ದೀರಿ ತಾನೆ? ರಾತ್ರಿ ಕೋಣೆ ಬೆಚ್ಚಗಿರುವಂತೆ ನೆಲದಡಿಯ ಒಲೆಗೆ ಚೆನ್ನಾಗಿ ಬೆಂಕಿ ಹಾಕಿಸಿಕೊಳ್ಳಿ, ಸಂಕೋಚ ಬೇಡ.

ಇಲ್ಲಿ ನನ್ನ ಮಗು ಓಕ್‌ಬುನ್‌ಗೆ ಹುಷಾರಿಲ್ಲ. ಕೆಮ್ಮು ಅಂತ ಶುರುವಾದದ್ದು ಎದೆಯಲ್ಲಿ ಕೀವಾಗಿ ನಿಂತಿದೆ. ಉಸಿರೆಳೆದಾಗೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತದೆ. ನಮ್ಮ ಕೊರಿಯದವರೇ ಆದ ಸಹಾಯಕ ವೈದ್ಯ, ಹೊ ಎಂಬವರು, ಒಳ್ಳೆಯ ಮನುಷ್ಯ. "ನಾಳೆ ಬೆಳಿಗ್ಗೆ ಕೀವು ತೆಗೀಲೇಬೇಕಮ್ಮ, ನಾಳಿದ್ದಿನ ಮಾತು ನಾನು ಹೇಳಲಾರೆ" ಎಂದರು. ಆದರೆ ಶಸ್ತ್ರಕ್ರಿಯೆಯ ಪಟ್ಟಿಗೆ ಹೆಸರು ಹಾಕುವವರು ವೈದ್ಯರಲ್ಲ, ಕಚೇರಿಯ ಗುಮಾಸ್ತ ಕುವಾತ. ಹಣ ಕೊಡುವವರಾದರೆ ಜಮೀನಿರುವ ಯಾರಾದರೂ ಜಾಮೀನು ನಿಲ್ಲಬೇಕು. ಇಲ್ಲದವರು ಧರ್ಮವಾರ್ಡು ಕೇಳಬಹುದು, ಅವನಿಗೆ ಬಡವರೆಂದು ಕಂಡರೆ.

ನಾವು ಅವನ ಕಣ್ಣಿಗೆ ಬಡವರಾಗಿ ಕಾಣಲಿಲ್ಲ, ಅಪ್ಪ. ಬೆಳಿಗ್ಗೆ ಹೊರಡುವಾಗ ಅತ್ತೆ ಪೆಟ್ಟಿಗೆ ತೆರೆದು, ನೀವು ಮದುವೆಗೆ ಕೊಟ್ಟ ರೇಷ್ಮೆಯನ್ನು ನನಗೆ ಉಡಿಸಿದರು. ಅದರ ತುಂಡಿನಲ್ಲೇ ಹೊಲಿದ ಅಂಗಿಯನ್ನು ಮಗುವಿಗೆ ತೊಡಿಸಿದರು. "ಜಪಾನಿ ಡಾಕ್ಟರ ಮುಂದೆ ತಿರುಕರ ಹಾಗೆ ನಿಂತ್ರೆ ನಿಮ್ಮಪ್ಪನ ಮರ್ಯಾದೆ ಏನಾಗ್ಬೇಕೇ?" ಎಂದರು. ಮನೆಯಲ್ಲಿ ಜೋಳದ ಗಂಜಿಗೂ ತತ್ವಾರ. ಮಂಚೂರಿಯಾಕ್ಕೆ ಕೆಲಸ ಹುಡುಕಿ ಹೋದ ನಿಮ್ಮ ಅಳಿಯಂದಿರ ಸುದ್ದಿ ಶರತ್ಕಾಲದಿಂದ ಇಲ್ಲ. ಕುವಾತ ಬಾಯಿ ತೆರೆಯುವ ಮುಂಚೆಯೇ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಇಷ್ಟು ಒಳ್ಳೇ ರೇಷ್ಮೆ ನಮ್ಮ ಮನೆಯವಳಿಗೂ ಇಲ್ಲ ಕಣಮ್ಮ. ಧರ್ಮಕ್ಕೆ ಬಂದಿದೀರಾ?" ಎಂದ. ಅತ್ತೆ ಅಲ್ಲೇ ಅಳುತ್ತಾ ಕೂತರು. ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಬೇರೆಯವರ ಮೇಲೆ.

ಹೋದ ವರ್ಷ ಹೊಸವರ್ಷದ ಊಟಕ್ಕೆ ಕೂತಾಗ ಪ್ರಾಂತ್ಯಸಭೆಯಲ್ಲಿ ನೀವು ಮಾಡಿದ ಭಾಷಣವನ್ನು ನಮಗೆಲ್ಲ ಓದಿ ಹೇಳಿದ್ದಿರಿ, ನೆನಪಿದೆಯೇ? ಆಸ್ಪತ್ರೆ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳಬೇಕು, ಧರ್ಮವಾರ್ಡು ಅರ್ಧವಾಗಬೇಕು, ಬಡವರ ವೇಷದಲ್ಲಿ ಬರುವವರನ್ನು ಗುಮಾಸ್ತರು ಬಟ್ಟೆ ನೋಡಿಯೇ ಗುರುತಿಸಬೇಕು ಎಂದಿದ್ದಿರಿ. ಜಪಾನಿನ ಅಧಿಕಾರಿಗಳೇ ಎದ್ದು ಚಪ್ಪಾಳೆ ತಟ್ಟಿದರೆಂದು ಅಮ್ಮ ನಿಮ್ಮ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದಳು. ನಿಮ್ಮ ಮಾತು ನಡೆದಿದೆ. ಇಲ್ಲಿ ಎಲ್ಲವೂ ದುಡಿಯುತ್ತಿದೆ. ಒಗೆದ ಬ್ಯಾಂಡೇಜು ಮತ್ತೆ ಮತ್ತೆ ಹಗ್ಗದ ಮೇಲೆ ಒಣಗುತ್ತದೆ. ಮೊಗಸಾಲೆಯ ಒಲೆಗೆ ಇದ್ದಿಲನ್ನು ರೋಗಿಯ ಮನೆಯವರೇ ತರಬೇಕು. ಧರ್ಮವಾರ್ಡಿನಲ್ಲಿ ಮಂಚವಿದ್ದ ಜಾಗಗಳಲ್ಲಿ ನೆಲದ ಮೇಲೆ ನಾಲ್ಕು ಕಾಲುಗಳ ಗುರುತು ಮಾತ್ರ ಇದೆ.

ಕೊನೆಗೆ ಜಾಮೀನಿಗೆ ನಿಮ್ಮ ಹೆಸರು ಹೇಳಿದೆ. ಕುವಾತ ನಕ್ಕ. "ಅವ್ರಾ? ಜಾಮೀನಿಲ್ದೆ ಯಾರನ್ನೂ ಸೇರಿಸ್ಕೋಬೇಡಿ ಅಂದೋರೇ ಅವ್ರಲ್ವೇನಮ್ಮ? ದಿನಕ್ಕೊಬ್ರು ಅವರ ಮಗಳು ಅಂತ ಬರ್ತಾರೆ. ಅವರ ಬಾಯಿಂದಾನೇ ಬರ್ಲಿ, ಬರೀತೀನಿ" ಎಂದ. ರೋಗಿಗಳ ಕಡೆಯವರು ಆಸ್ಪತ್ರೆಯ ಫೋನು ಮುಟ್ಟುವಂತಿಲ್ಲ, ಅಂಚೆಮನೆ ಐದಕ್ಕೇ ಮುಚ್ಚಿತು. ಅತ್ತೆಯ ತಮ್ಮನ ಮಗ ಒಂಬತ್ತರ ರೈಲಿನಲ್ಲಿ ಗಾರ್ಡು, ಈ ಕಾಗದವನ್ನು ಅವನೇ ನಿಮ್ಮ ವಸತಿಗೃಹಕ್ಕೆ ತಂದುಕೊಡುತ್ತಾನೆ. ಅಲ್ಲಿ ಫೋನಿದೆಯೆಂದು ಅಮ್ಮ ಹೆಮ್ಮೆಯಿಂದ ಬರೆದಿದ್ದಳು. ಇಲ್ಲಿಯ ಕಚೇರಿಯಲ್ಲಿ ರಾತ್ರಿಯಿಡೀ ಒಬ್ಬರು ಇರುತ್ತಾರೆ. ಬೆಳಕು ಹರಿದ ಕೂಡಲೇ ಪಟ್ಟಿ ಮುಗಿಸಿ ದೊಡ್ಡ ವೈದ್ಯರಿಗೆ ಕೊಡುತ್ತಾರೆ. ಆಮೇಲೆ ನಮ್ಮನ್ನು ಮನೆಗೆ ಕಳಿಸುತ್ತಾರೆ.

ಮಗು ಈಗ ಅತ್ತೆಯ ಬೆನ್ನ ಮೇಲಿದೆ, ಮಲಗಿಸಿದರೆ ಉಸಿರು ಕಟ್ಟುತ್ತದೆ. ಅಮ್ಮನಿಗೆ ಇದೊಂದೂ ತಿಳಿಸಬೇಡಿ. ನಿಮಗೆ ನಮಸ್ಕಾರ. ದೇಹವನ್ನು ಜೋಪಾನವಾಗಿ ನೋಡಿಕೊಳ್ಳಿ.

ನಿಮ್ಮ ಮಗಳು,
ಹೇಸುನ್

ಮರೆತಿದ್ದೆ: ಫೋನಿನಲ್ಲಿ ಕಚೇರಿಯವರು ಮಗು ನಿಮಗೆ ಏನಾಗಬೇಕು ಎಂದು ಕೇಳುತ್ತಾರೆ. ಕೊಟ್ಟ ಹೆಣ್ಣೂ ಅವಳ ಮಕ್ಕಳೂ ಬೇರೆ ಮನೆಯವರು ಎನ್ನುವುದು ನಿಮ್ಮ ನಿಯಮ. ಓಕ್‌ಬುನ್ ಹುಟ್ಟಿದಾಗಲೂ ನೀವು ಬರಲಿಲ್ಲ, ನಾನು ಕೇಳಲೂ ಇಲ್ಲ. ಹಣ ಕಳಿಸಬೇಡಿ, ನೀವು ಬರುವುದೂ ಬೇಡ. ಮೊಮ್ಮಗಳು ಎಂದು ಹೇಳಿ, ಅಪ್ಪ. ಆ ಒಂದು ಮಾತಿಗೆ ಅವಳ ಹೆಸರು ಪಟ್ಟಿಗೆ ಬರುತ್ತದೆ. ಕಾಗದ ಮಡಿಸಿಡುವ ಮುಂಚೆ, ಬೆಳಗಾಗುವ ಮುಂಚೆ, ದಯವಿಟ್ಟು ಫೋನು ಮಾಡಿ.