ಬಿಸಿಲಿದ್ದರೂ ನಿಂತ ಫ್ಯಾನು

ಅಪ್ಪನಿಗೆ ನಮಸ್ಕಾರಗಳು.

ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್‌ಗಳನ್ನು ನಾನೇ ಕೂರಿಸಿದೆ. ಲೈನ್‌ಮನ್ ಮಗಳು ಏಣಿಗೆ ಹೆದರುವುದುಂಟೇ? ನಿಮ್ಮ ಅಳಿಯ ಕೆಳಗೆ ಏಣಿ ಹಿಡಿದುಕೊಂಡು ದೇವರನ್ನು ನೆನೆದರು, ಅಷ್ಟೇ. ಬೋಲ್ಟು ಬಿಗಿಸಲು ನಿಮ್ಮ ಹಳೆಯ ಸ್ಪ್ಯಾನರ್‌ಗಳೇ ಸಾಕಾದವು.

ಒಂದು ಮಾತ್ರ ತಲೆಬುಡ ಅರ್ಥವಾಗಲಿಲ್ಲ. ಬೀದಿಯಲ್ಲಿ ಕರೆಂಟು ಹೋದ ಕೂಡಲೇ, ನೆತ್ತಿ ಸುಡುವ ಬಿಸಿಲಿದ್ದರೂ ನಮ್ಮ ಫ್ಯಾನೂ ನಿಲ್ಲುತ್ತದೆ. "ಎಲ್ರಿಗೂ ಇಲ್ದಾಗ ನಮಗೂ ಇಲ್ಲ ಅಂದ್ಮೇಲೆ ಅಷ್ಟೆತ್ತರ ಯಾಕೆ ಹತ್ತಿದೆ ಮಾರಾಯ್ತಿ?" ಎಂದು ಇವರು ನಗುತ್ತಾರೆ. ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಅದೇ ಕಥೆ. ಕೊನೆಗೆ ಸೋಲಾರ್ ಅಂಗಡಿಯವನನ್ನು ಕೇಳಿದೆ.

"ಅದು ಹಾಗೇ ಇರ್ಬೇಕಮ್ಮ. ಇಲ್ದಿದ್ರೆ ನಿಮ್ಮನೆ ಕರೆಂಟು ವಾಪಸ್ ಬೀದಿ ಲೈನಿಗೆ ಹೋಗುತ್ತೆ. ಲೈನ್ ಆಫ್ ಮಾಡಿ ಕಂಬ ಹತ್ತಿದವನ ಗತಿ ಏನು?"

ಆಗಿನಿಂದ ಗೊಂದಲ ಇನ್ನೂ ಹೆಚ್ಚಾಗಿದೆ. ನಿಮ್ಮ ಬಲಗೈ ಸುಟ್ಟ ದಿನ, ಲೈನ್ ಆಫ್ ಮಾಡಿಯೇ ಕಂಬ ಹತ್ತಿದ್ದೆ ಎಂದಿರಿ. ಮರೆತಿರಬೇಕು ಎಂದರು ಆಫೀಸಿನವರು. ಅಮ್ಮ ಅವರನ್ನೇ ನಂಬಿದಳು. ಬರಬರುತ್ತಾ ನೀವೂ "ಮರೆತಿದ್ದೆನೇನೋ" ಎನ್ನತೊಡಗಿದಿರಿ.

ಅಂದು ನೀವು ಕಂಬ ಹತ್ತಿದ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಆಗ ಜನರೇಟರ್ ಇತ್ತಲ್ಲವೇ? ಕರೆಂಟಿಲ್ಲದ ಆ ಹೊತ್ತಿನಲ್ಲೂ ಗಿರಣಿ ಓಡುತ್ತಿತ್ತೇ? ನೆನಪು ಮಾಡಿಕೊಳ್ಳಿ.

ಭಾನುವಾರ ಬಂದು ನನ್ನ ವೈರಿಂಗ್ ಒಮ್ಮೆ ನೋಡಿ. ಅಮ್ಮನನ್ನೂ ಕರೆತನ್ನಿ. ಅಂಗಡಿಯವನಿಗೂ ಬರಲು ಹೇಳಿದ್ದೇನೆ; ಅದೇ ಮಾತನ್ನು ಅವನು ಅವಳೆದುರು ಇನ್ನೊಮ್ಮೆ ಹೇಳಲಿ.

ಇಂತಿ,
ನಿಮ್ಮ ಮಗಳು