ನೀರು ಕುಡಿ ಎನ್ನದ ಅಪ್ಪಾಜಿಗೆ

ಶಿರಾ
ಭಾನುವಾರ ಬೆಳಿಗ್ಗೆ

ಅಪ್ಪಾಜಿ,

ತೀರ್ಥರೂಪರಿಗೆ ಅಂತ ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತದೆ ನೋಡಿ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಬೇಕೆಂದೇ ತೆಗೆದುಕೊಳ್ಳಲಿಲ್ಲ.

ರಕ್ಷಾಗೆ ಎಂಟು ತುಂಬಿತು, ಶ್ರಾವಣದಲ್ಲಿ ಲಿಂಗಧಾರಣೆ ಮಾಡಿಸೋಣ, ಕೊಳಾಲದ ಮನೆ ಮುಂದೆಯೇ ಪೆಂಡಾಲ್ ಹಾಕಿಸುತ್ತೇನೆ ಅಂದಿರಿ. ಕರೆಯೋಲೆಯಲ್ಲಿ ‘ಲಿಂಗಕ್ಕಾಗಿ ಪ್ರಾಣ ಕೊಟ್ಟ ಬಸವೇಶಯ್ಯನ ಮಗಳು’ ಅಂತ ಅಚ್ಚು ಹಾಕಿಸುತ್ತೀರಂತೆ. ಫೋನಿನಲ್ಲಿ ಹೂಂ ಅಂದೆ. ನಿಮ್ಮ ಮುಂದೆ ಹೂಂ ಅನ್ನುವುದು ಬಿಟ್ಟು ಬೇರೆ ಏನನ್ನೂ ನಾನು ಕಲಿತೇ ಇಲ್ಲವಲ್ಲ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕೋಕೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಂಡ ಸತ್ತ ಕಥೆಯನ್ನು ನೀವು ಐದು ವರ್ಷದಿಂದ ಪೂಜೆಗೆ ಹೋದ ಮನೆಮನೆಯಲ್ಲೂ ಹೇಳಿದ್ದೀರಿ. ಬೆಂಕಿಯ ಬೆಟ್ಟ ಬಾಯಿ ತೆರೆಯಿತಂತೆ, ಅಳಿಯ ಲಿಂಗವನ್ನು ಬಿಡಲಾರದೆ ಉರಿಯೊಳಗೇ ನಡೆದನಂತೆ. ಕೇಳಿದವರು ಕೊಳಾಲದ ಬೀದಿಯಲ್ಲಿ ನನ್ನನ್ನು ಕಂಡರೆ ಕಾಲು ಮುಟ್ಟೋಕೆ ಬರುತ್ತಾರೆ. ಥೂ, ಆಗ ನನಗಾಗುವ ಹೇಸಿಗೆ ಅಷ್ಟಿಷ್ಟಲ್ಲ. ನೀವು ಅಲ್ಲಿರಲಿಲ್ಲ, ನಾನಿದ್ದೆ. ಇವತ್ತು ನಾನು ಹೇಳುತ್ತೇನೆ, ಕೇಳಿ.

ಆವತ್ತು ಶನಿವಾರ. ಅವರು ಬೋರ್‌ವೆಲ್ಲಿಗೆ ಮೋಟಾರು ಇಳಿಸುವ ಕೆಲಸ ಮುಗಿಸಿ ಸಂಜೆ ಮನೆಗೆ ಬಂದರು. ಕಾಂಗೋ ದೇಶದ ಗೋಮಾ ಊರಿಗೆ ನಾವು ಹೋಗಿ ಎರಡು ವರ್ಷವಾಗಿತ್ತು. ಮನೆಯ ಹಿಂದಕ್ಕೇ ಬೆಟ್ಟ. ಅದರ ತಲೆಯ ಮೇಲೆ ಸದಾ ಹೊಗೆ. ಮೊದಮೊದಲು ನನಗೆ ಭಯ, ಆಮೇಲೆ ಅದನ್ನು ನೋಡಿಕೊಂಡೇ ಬಟ್ಟೆ ಒಣಗಿ ಹಾಕುತ್ತಿದ್ದೆ. ಮಧುಗಿರಿ ಬೆಟ್ಟ, ಸಿದ್ಧರಬೆಟ್ಟ ನೋಡಿಕೊಂಡು ಬೆಳೆದವಳು ನಾನು. ಬೆಟ್ಟ ಅಂದರೆ ಕೂತ ಕಡೆ ಕೂತಿರುತ್ತದೆ ಅಂತಲೇ ನನ್ನ ತಿಳುವಳಿಕೆ.

ಅವರು ಸ್ನಾನಕ್ಕೆ ಹೊರಟರು. ಮೈಯೆಲ್ಲ ಗ್ರೀಸು. ಕೊರಳಿನಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ದೇವರ ಗೂಡಿನಲ್ಲಿಟ್ಟರು. ಗ್ರೀಸು ಕೈಯಲ್ಲಿ ಲಿಂಗ ಮುಟ್ಟಬಾರದು, ಮಿಂದು ಬಂದು ಪೂಜೆ ಮಾಡಿ ಮತ್ತೆ ಕಟ್ಟಿಕೊಳ್ಳುವುದು ಅವರ ಪದ್ಧತಿ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ‘ವೋಲ್ಕಾ, ವೋಲ್ಕಾ’ ಅಂತ ಕಿರುಚಿದಳು. ಹೊರಗೆ ಬಂದು ನೋಡಿದರೆ ಆಕಾಶವೆಲ್ಲ ಕೆಂಪು. ಪೆಟ್ರೋಲ್ ಬಂಕಿಗೆ ಬೆಂಕಿ ಬಿತ್ತೇನೋ ಅಂದುಕೊಂಡೆ. ಆಮೇಲೆ ಬೆಟ್ಟದ ಪಕ್ಕೆ ಸೀಳಿ ಬೆಂಕಿ ಇಳಿಯುತ್ತಿರುವುದು ಕಾಣಿಸಿತು. ಆಲೆಮನೆಯ ಕೊಪ್ಪರಿಗೆ ಮಗುಚಿ ಪಾಕ ಹರಿದ ಹಾಗೆ, ಆತುರವೇ ಇಲ್ಲದೆ ಬರುತ್ತಿತ್ತು. ದಾರಿಯಲ್ಲಿ ಸಿಕ್ಕ ಮರ ಒಂದೊಂದೂ ಚಟ್ ಅಂತ ಹತ್ತಿಕೊಳ್ಳುತ್ತಿತ್ತು.

ಮೂರು ವರ್ಷದ ರಕ್ಷಾ ಮಂಚದ ಮೇಲೆ ಮಲಗಿದ್ದಳು. ಅವರು ಬನೀನಿನಲ್ಲೇ ಅವಳನ್ನು ಎತ್ತಿಕೊಂಡು ಓಡಿದರು, ಹಿಂದೆ ನಾನು. ರಸ್ತೆ ತುಂಬಾ ಜನ. ಒಬ್ಬಳ ತಲೆ ಮೇಲೆ ಹೊಲಿಗೆ ಮಿಷನ್ನು, ಒಬ್ಬನ ಹೆಗಲಲ್ಲಿ ಮೇಕೆ. ಕಾಲ ಕೆಳಗಿನ ನೆಲ ನಿಂತು ನಿಂತು ನಡುಗುತ್ತಿತ್ತು. ಪಟಾಕಿ ಸುಟ್ಟ ವಾಸನೆ, ಬಾಯೊಳಗೆಲ್ಲ ಬೂದಿ. ಕೆರೆ ದಿಕ್ಕಿಗೆ ಓಡಿ ಒಂದು ಚರ್ಚಿನ ಅಂಗಳ ಸೇರಿದೆವು. ಅಲ್ಲಿ ಕೂತ ಮೇಲೆ ಅವರು ಎದೆ ಮುಟ್ಟಿ ನೋಡಿಕೊಂಡರು. “ಲೋಹಿತಾ, ಲಿಂಗ ಬಿಟ್ಟು ಬಂದ್ಬುಟ್ಟೆ ಕಣೇ” ಅಂದರು. ಮುಖ ನೋಡೋಕೆ ಆಗಲಿಲ್ಲ.

ಬೆಳಗಾದ ಮೇಲೆ ಸುದ್ದಿ ಬಂತು. ಬೆಂಕಿಯ ಹೊಳೆ ಊರಿನ ಅಂಚಿಗೆ ಬಂದು ನಿಂತಿದೆ, ನಮ್ಮ ಬೀದಿ ಉಳಿದಿದೆ, ಆದರೆ ನಡುವೆ ರಸ್ತೆ ಹೂತುಹೋಗಿದೆ. ಆಚೆ ಮನೆ, ಈಚೆ ನಾವು. ಚರ್ಚಿನವರು ಟೀ ಕೊಟ್ಟರು, ನೀರು ಕೊಟ್ಟರು. ಲಿಂಗಪೂಜೆ ಆಗದೆ ಅವರು ಬಾಯಿಗೆ ಹನಿ ಹಾಕಲಿಲ್ಲ. ನಾನೇನು ಕಡಿಮೆಯೇ, ನಿಮ್ಮ ಮಗಳಲ್ಲವೇ, ನನ್ನ ಲಿಂಗ ಕೊರಳಲ್ಲಿತ್ತು, ವಿಭೂತಿ ಇಲ್ಲದ್ದಕ್ಕೆ ಬೂದಿಯನ್ನೇ ಹಚ್ಚಿ ಪೂಜೆ ಮಾಡಿ ಅವರ ಎದುರಿಗೇ ಗಟಗಟ ಕುಡಿದೆ. 

ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಒಡೆದು ರಕ್ತ ಬರುತ್ತಿತ್ತು. ನನ್ನ ಕರಡಿಗೆ ಬಿಚ್ಚಿ, “ನಂದೇ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಒಂದು ಗುಟುಕು ಕುಡೀರಿ, ಶಿವ ಏನು ಬೇರೆಯವನಾ” ಅಂದೆ. ಅವರು ಎಡಗೈ ಚಾಚಿದರು, ಅಪ್ಪಾಜಿ. ಚಾಚಿದ್ದರು! ಆಮೇಲೆ ಕೈ ಹಿಂದಕ್ಕೆಳೆದು, “ಮಾವನೋರ್ನ ಒಂದು ಮಾತು ಕೇಳ್ಬುಡ್ತೀನಿ” ಅಂದರು. ನೀವು ಹೇಳಿದ್ದೇ ಅವರಿಗೆ ಶಾಸ್ತ್ರ. ಯಾರದೋ ಕಾರಿನಲ್ಲಿ ಫೋನ್ ಚಾರ್ಜು ಮಾಡಿಸಿ ಕೊಳಾಲಕ್ಕೆ ಕರೆ ಮಾಡಿದರು.

ನೀವಾಡಿದ್ದು ನಿಮಗೆ ಮರೆತಿರಬಹುದು, ನನಗೆ ಒಂದಕ್ಷರವೂ ಮರೆತಿಲ್ಲ. “ಮಗೂನ ಎತ್ಕಂಡು ಬಂದೆ, ಸರಿ ಕಣಪ್ಪಾ. ಲಿಂಗ ಎತ್ಕಳಕ್ಕೆ ಕೈ ಬರ್ಲಿಲ್ವಾ? ಹೆಂಡ್ತಿ ಲಿಂಗಾನ ಅಂಗೈಲಿಟ್ಕಂತೀಯಾ? ಇಂಗೆಲ್ಲ ಮಾಡ್ಬುಟ್ಟು ನಮ್ಮ ಹೊಸ್ತಿಲು ತುಳೀಬ್ಯಾಡ. ಹೋಗಿ ತಗಂಬಾ, ಆಮೇಲೆ ನೀರು ಕುಡಿ.” ಅಂದು ಫೋನಿಟ್ಟಿರಿ. ನೆಲ ನಡುಗುತ್ತಿದೆಯಾ, ಮಗು ಹೇಗಿದೆ, ಒಂದು ಮಾತು ಕೇಳಲಿಲ್ಲ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ತಿರುಗಿ ಫೋನ್ ಮಾಡಿ ನಿಮಗೆ ಬೈಯಬೇಕಿತ್ತು, ಇಲ್ಲವೇ ಅವರ ಮೂಗು ಹಿಡಿದು ಬಾಯಿಗೆ ನೀರು ಸುರಿಯಬೇಕಿತ್ತು. ಎರಡೂ ಮಾಡಲಿಲ್ಲ. ಈ ಪಾಪದಲ್ಲಿ ನನಗೂ ಪಾಲಿದೆ, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಸೋಮವಾರ ಬೆಳಿಗ್ಗೆ ಆ ಕಪ್ಪು ಕಲ್ಲಿನ ಮೇಲೆ ಜನ ಓಡಾಡತೊಡಗಿದ್ದರು. ಮೇಲೆ ಹೆಪ್ಪುಗಟ್ಟಿತ್ತು, ಒಳಗೆ ಇನ್ನೂ ಕುದಿಯುತ್ತಿತ್ತು, ಬಿರುಕಿನಲ್ಲಿ ಹೊಗೆ ಏಳುತ್ತಿತ್ತು. ಅವರೂ ಹೊರಟರು. ಒಂದು ಬಾಟಲಿ ನೀರು ಕೈಗಿಟ್ಟೆ. “ಲಿಂಗ ಕಟ್ಕಂಡು, ಇಲ್ಲಿಗೆ ಬಂದು ಮಿಂದು, ಪೂಜೆ ಮಾಡಿ ಒಂದು ಕೊಡ ಕುಡೀತೀನಿ, ನೋಡ್ತಿರು” ಅಂತ ನಕ್ಕರು. ಮಧ್ಯಾಹ್ನ ಪಕ್ಕದ ಮನೆಯವರು ಅವರನ್ನು ಹಲಗೆಯ ಮೇಲೆ ಹೊತ್ತು ತಂದರು. ಮನೆಗೆ ಹೋಗಿದ್ದರು, ಲಿಂಗ ಕಟ್ಟಿಕೊಂಡಿದ್ದರು. ವಾಪಸು ಬರುವಾಗ ಹೊಗೆಗೆ ಸಿಕ್ಕಿ ಬಿದ್ದರಂತೆ. ಜೊತೆಗಿದ್ದವರೂ ಕೆಮ್ಮಿದರು, ತೂರಾಡಿದರು, ಎದ್ದು ಬಂದರು. ಇವರಿಗೆ ಏಳುವ ತ್ರಾಣ ಇರಲಿಲ್ಲ. ಮೈಯಲ್ಲಿ ನೀರೇ ಇರಲಿಲ್ಲ ಅಂದರು ಡಾಕ್ಟರು. ಬಾಟಲಿಯ ಮುಚ್ಚಳ ತೆಗೆದೇ ಇರಲಿಲ್ಲ. ಉರಿಯೊಳಗೆ ನಡೆದದ್ದು ಅಂತ ನೀವು ಹೇಳುವುದು ಇದನ್ನೇ. ನನ್ನ ಗಂಡ ಬಾಯಾರಿ ಸತ್ತರು.

“ಕೂರ್ಸಿ ಮಣ್ಣು ಮಾಡಿದ್ರೇನಮ್ಮಾ?” ಅಂತ ಮಾರನೇ ದಿನ ಕೇಳಿದಿರಿ. ಹೂಂ ಅಂದಿದ್ದೆ. ಸುಳ್ಳು. ಆ ನೆಲವೆಲ್ಲ ಹಳೆಯ ಲಾವಾದ ಬಂಡೆ. ಗುರುತಿಲ್ಲದ ನಾಲ್ಕು ಜನ ಮೂರು ಗಂಟೆ ಹಾರೆ ಹಾಕಿದರೂ ಮಂಡಿಯುದ್ದ ಅಗೆಯೋಕೆ ಆಗಲಿಲ್ಲ. ಪ್ಲೈವುಡ್ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿ ಕಲ್ಲು ಮುಚ್ಚಿದೆವು. ಚರ್ಚಿನ ಪಾದ್ರಿ ಅವರ ಭಾಷೆಯಲ್ಲಿ ಏನೋ ಹೇಳಿದರು. ಕಲ್ಲು ಮುಚ್ಚುವ ಮುಂಚೆ ಲಿಂಗವನ್ನು ಅವರ ಎಡಗೈಗೆ ಇಟ್ಟೆ. ಆಮೇಲೆ ಆ ಬಾಟಲಿಯ ಮುಚ್ಚಳ ತೆಗೆದು, ಪೂರ್ತಿ ಅವರ ಬಾಯಿಗೆ ಬಿಟ್ಟೆ. ಆಚೆ ಹರಿದುಹೋಯಿತು.

ಇಷ್ಟನ್ನೂ ನುಂಗಿಕೊಂಡೇ ಇದ್ದೆ. ಶಿರಾದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತಿಕೊಂಡು, ನಿಮ್ಮ ಮೇಲೆ ಸಿಟ್ಟಿದ್ದರೂ, ಅಪ್ಪಾಜಿಗೆ ಆಚಾರ ದೊಡ್ಡದು, ತಮಗಾಗಿದ್ದರೂ ಹಾಗೇ ಸಾಯುತ್ತಿದ್ದರು ಅಂತ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೋದ ವಾರ ನಿಮ್ಮ ತಂಗಿ ಸರ್ವಮಂಗಳತ್ತೆ ಬಂದಿದ್ದರು. ರಕ್ಷಾಳ ಲಿಂಗಧಾರಣೆ ಅಂದದ್ದಕ್ಕೆ, “ದಾರ ಗಟ್ಟಿ ಹಾಕ್ಸು ಕಣಮ್ಮ, ನಿಮ್ಮಪ್ಪಂದು ಹುಲಿಕುಂಟೆ ಕೆರೇಲಿ ಈಜಕ್ಕೋಗಿ ಕಿತ್ಕಂಡು ಹೋಗಿತ್ತು” ಅಂತ ನಕ್ಕರು. ಪಾಪ, ಅವರಿಗೆ ಏನೂ ಗೊತ್ತಿಲ್ಲ. ನಾನು ಬಿಡದೆ ಕೇಳಿದೆ. ಆಗ ನಿಮಗೆ ಇಪ್ಪತ್ತು ವರ್ಷವಂತೆ. ಪ್ರಾಣ ಬಿಡ್ತೀನಿ ಅಂತ ಕೆರೆ ಏರಿಯ ಮೇಲೆ ಕೂತು ಅಳುತ್ತಿದ್ದಿರಂತೆ. ನಿಮ್ಮಪ್ಪ ಪರ್ವತಯ್ಯ ತಾತ ಹುಡುಕಿಕೊಂಡು ಬಂದು, ಬೆನ್ನು ಸವರಿ, ಚೊಂಬಿನಲ್ಲಿ ನೀರು ಕುಡಿಸಿ, “ಕಲ್ಲು ಹೋದ್ರೆ ಇನ್ನೊಂದು ಸಿಗ್ತದೆ, ಏಳಪ್ಪಾ” ಅಂದರಂತೆ. ಸಂಜೆಯೊಳಗೆ ಹೊಸ ಲಿಂಗ ಕಟ್ಟಿ, ಊರಿಗೆ ಗೊತ್ತಾಗದ ಹಾಗೆ ನೋಡಿಕೊಂಡರಂತೆ. ನಿಮ್ಮ ಎದೆಯ ಮೇಲೆ ಇವತ್ತು ಇರುವುದು ಆ ಎರಡನೆಯದು.

ನಿಮ್ಮಪ್ಪ ನಿಮಗೆ ಮಾಡಿದ್ದನ್ನು ನನ್ನ ಗಂಡನಿಗೆ ಮಾಡೋಕೆ ನಿಮಗೇನು ಬಂದಿತ್ತು ಅಪ್ಪಾಜಿ? ಅವರಿಗೂ ಮೂವತ್ತಮೂರೇ ವರ್ಷ. ನಿಮ್ಮದು ಈಜುವಾಗ ಹೋಯಿತು, ಅವರದು ನಿಮ್ಮ ಮೊಮ್ಮಗಳನ್ನು ಎತ್ತಿಕೊಳ್ಳುವಾಗ ಹೋಯಿತು.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಿನ್ನೆ ಜಡೆ ಹಾಕುವಾಗ ರಕ್ಷಾ ಕೇಳಿದಳು, “ಅಮ್ಮಾ, ನಂದು ಸ್ಕೂಲಲ್ಲಿ ಕಳೆದೋದ್ರೆ ನಾನೂ ಅಪ್ಪನ ಥರ ಸಾಯ್ಬೇಕಾ?”  “ಇಲ್ಲ ಕಂದಾ, ಇನ್ನೊಂದು ಕಟ್ಟಿಸೋಣ” ಅಂದೆ. ಅವಳು ನಂಬಲಿಲ್ಲ. “ನಿಂಗೊತ್ತಿಲ್ಲ, ತಾತ ಹೇಳಿದಾರೆ” ಅಂದಳು.

ನನ್ನ ಮಾತು ಅವಳಿಗೆ ಸಾಲದು. ಅವಳಪ್ಪನಿಗೂ ಸಾಲಲಿಲ್ಲ. ನಿಮ್ಮ ಮಾತೇ ಆಗಬೇಕು. ಅದಕ್ಕೇ ಶ್ರಾವಣಕ್ಕೆ ಬರುತ್ತೇವೆ, ಒಂದೇ ಒಂದು ಕರಾರಿನ ಮೇಲೆ. ಅವಳ ಕೊರಳಿಗೆ ಕಟ್ಟುವ ಮುಂಚೆ, ಪೆಂಡಾಲಿನ ಜನರೆಲ್ಲರ ಮುಂದೆ, ನಿಮ್ಮದು ಕಳೆದದ್ದನ್ನು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ. ನೀವು ನೀರು ಕುಡಿದಿರಿ, ಬದುಕಿದಿರಿ, ಶಿವ ಮುನಿಸಿಕೊಳ್ಳಲಿಲ್ಲ ಅಂತ ಹೇಳಿ. ಅಳಿಯ ಕೇಳಿದಾಗ ಇದನ್ನು ಮುಚ್ಚಿಟ್ಟೆ ಅಂತಲೂ ಹೇಳಿ. ನಿಮ್ಮ ಮಾನ ಹೋಗುತ್ತದೆ, ಗೊತ್ತು. ಹೋಗಲಿ. ಹೇಳಲಾಗದಿದ್ದರೆ ಪೆಂಡಾಲ್ ಹಾಕಿಸಬೇಡಿ, ತಾತನ ಮನೆ ದಾರಿಯನ್ನೇ ಅವಳು ಮರೆಯುವ ಹಾಗೆ ಮಾಡುತ್ತೇನೆ. ನನ್ನ ಮನೆಯಲ್ಲಿ ಇನ್ನೊಬ್ಬರು ಬಾಯಾರಿ ಸಾಯಕೂಡದು.

ನಿಮಗೆ ಶಿವ ಇನ್ನಷ್ಟು ಆಯುಸ್ಸು ಕೊಡಲಿ, ಆ ಮಾತು ಆಡುವಷ್ಟಾದರೂ.

ಈ ಸಲ ಹೂಂ ಅನ್ನದ ಮಗಳು,
ಲೋಹಿತಾ